ಬರ್ಲಿನ್‌ನಲ್ಲಿ ಬೈಸಿಕೊಂಡದ್ದು

ನಮ್ಮ ಮನೆಯವರಿಗೆ ಜರ್ಮನ್ ಬರುತ್ತದೆ. ಇದು ನನ್ನ ಮಾತಲ್ಲ, ಅವರದೇ ಪ್ರಚಾರ. ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ, ಫ್ಲ್ಯಾಟ್ ಬುಷ್‌ನ ನಮ್ಮ ಬೀದಿಯಲ್ಲಿ, ಜುಮ್ಮಾ ನಮಾಜು ಮುಗಿದ ಮೇಲಿನ ಪಾರ್ಕಿಂಗ್ ಹರಟೆಯಲ್ಲಿ, ಪಾಪಕುರಾ, ತಕಾನಿನಿ ಕಡೆಯ ಗೆಳೆಯರ ಭಾನುವಾರದ ಊಟಗಳಲ್ಲಿ ಎಲ್ಲರಿಗೂ ಈ ಸಂಗತಿ ಗೊತ್ತು. ಯಾರಾದರೂ ಹೊಸ ಕಾರು ಕೊಂಡರೆ ಸಾಕು, ಮಾತು ಕಾರಿನಿಂದ ಜರ್ಮನಿಗೆ ಹೋಗುತ್ತದೆ, ಜರ್ಮನಿಯಿಂದ ಭಾಷೆಗೆ ಇಳಿಯುತ್ತದೆ, ಆಮೇಲೆ ಬಿರಿಯಾನಿ ಆರಿದರೂ ನಿಲ್ಲುವುದಿಲ್ಲ. ಮಕ್ಕಳು ಅವರನ್ನು ‘ಜರ್ಮನ್ ಅಂಕಲ್’ ಎಂದೇ ಕರೆಯುತ್ತವೆ. ನಮ್ಮ ಬಳಗದಲ್ಲಿ ಬೇರೆ ಯಾರಿಗೂ ಆ ಭಾಷೆಯ ಗಂಧಗಾಳಿ ಇಲ್ಲದ್ದರಿಂದ ಅವರ ಪಾಂಡಿತ್ಯಕ್ಕೆ ಇಷ್ಟು ವರ್ಷ ಒಂದು ಗೀರೂ ಬಿದ್ದಿರಲಿಲ್ಲ.

ಇದರ ಹಿಂದೆ ಒಂದು ಕಥೆ ಇದೆ. ನಮ್ಮಿಬ್ಬರದೂ ರಾಣೆಬೆನ್ನೂರು. ಮದುವೆಗೆ ಮೊದಲು ಇವರು ಹರಿಹರದ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅಲ್ಲಿಗೆ ಜರ್ಮನಿಯಿಂದ ದೊಡ್ಡ ಯಂತ್ರವೊಂದು ಬರುವುದಿತ್ತು. ಅದನ್ನು ನಡೆಸಲು ಕಲಿಯುವುದಕ್ಕೆ ಒಬ್ಬ ಹುಡುಗನನ್ನು ಬರ್ಲಿನ್‌ಗೆ ಕಳಿಸುತ್ತೇವೆ, ಚೆನ್ನಾಗಿ ಕಲಿತರೆ ಅಲ್ಲೇ ಕೆಲಸವೂ ಸಿಗಬಹುದು ಎಂದು ಮಾಲೀಕರು ಆಸೆ ಹುಟ್ಟಿಸಿದರು. ಇವರು ಬೆಂಗಳೂರಿನಲ್ಲಿ ಅಣ್ಣನ ಮನೆಯಲ್ಲಿ ಉಳಿದು, ಸಂಜೆಯ ತರಗತಿಗೆ ಸೇರಿ ಜರ್ಮನ್ ಕಲಿತರು. ಪಾಸ್‌ಪೋರ್ಟ್ ಆಯಿತು. ನಮ್ಮತ್ತೆ ಖುಷಿ ತಡೆಯಲಾರದೆ ಇಡೀ ಓಣಿಗೆ ಶೀರ್ ಕುರ್ಮಾ ಪಾಯಸ ಹಂಚಿದರು. ಆಮೇಲೆ ಕಾರ್ಖಾನೆಯವರು ಮನಸ್ಸು ಬದಲಿಸಿದರು. ಯಂತ್ರವೂ ಬರಲಿಲ್ಲ, ಇವರೂ ಹೋಗಲಿಲ್ಲ. ಶೀರ್ ಕುರ್ಮಾ ಕುಡಿದವರು ಸುಮ್ಮನಿರುತ್ತಾರೆಯೇ? ‘ಜರ್ಮನಿ ಬಂತು ನೋಡ್ರೋ’ ಎಂದು ಶುರುವಾಯಿತು. ‘ಯಾವಾಗ ಹೊಂಟೀಪಾ?’ ಎಂದು ಚಹಾದಂಗಡಿಯವರು ಕೇಳುತ್ತಾರೆಂದು ಇವರು ಮನೆಗೆ ಸುತ್ತು ಹಾಕಿ ಹೋಗುತ್ತಿದ್ದರಂತೆ. ನಾನು ಮದುವೆಯಾಗಿ ಆ ಓಣಿಗೆ ಬಂದ ದಿನ ಹೆಂಗಸರೆಲ್ಲ ನನ್ನ ಗಲ್ಲ ಹಿಡಿದು, ‘ಜರ್ಮನಿ ಹೇಣ್ತಿ ಚಂದ ಅದಾಳ’ ಎಂದರು.

ಕೊನೆಗೆ ವಿದೇಶಕ್ಕೆ ಹೋದದ್ದು ನನ್ನ ದೆಸೆಯಿಂದ. ನಾನು ದಾವಣಗೆರೆಯಲ್ಲಿ ನರ್ಸಿಂಗ್ ಓದಿದವಳು. ಸೌತ್ ಆಕ್ಲೆಂಡ್‌ನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು, ಇವರು ತಮ್ಮ ಕೆಲಸ ಬಿಟ್ಟು ನನ್ನ ಬೆನ್ನಿಗೆ ಬಂದರು. ಒಂದು ಮಾತು ಎತ್ತಿ ಆಡದೆ ಬಂದರು. ಇಲ್ಲಿ ಯಂತ್ರ ರಿಪೇರಿಯ ಒಂದು ವರ್ಕ್‌ಶಾಪ್‌ನಲ್ಲಿದ್ದಾರೆ. ಅಲ್ಲಿ ಜರ್ಮನ್ ಲೇತ್ ಒಂದಿದೆ, ಅದು ಕೆಟ್ಟಾಗ ಇವರು ಅದರ ಜೊತೆ ಜರ್ಮನ್‌ನಲ್ಲೇ ಮಾತಾಡುತ್ತಾರೆಂದು ಇಲ್ಲಿಯವನೇ ಆದ ಅವರ ಬಾಸ್ ನನಗೆ ಹೇಳಿದ್ದ. ಯಂತ್ರ ಏನು ಉತ್ತರ ಕೊಡುತ್ತದೆ ಎಂದು ಕೇಳಿದೆ. ‘ಶಿ ಸ್ಟಾರ್ಟ್ಸ್’ ಅಂದ.

ಇಷ್ಟು ವರ್ಷ ರಜೆ ಸಿಕ್ಕಾಗಲೆಲ್ಲ ರಾಣೆಬೆನ್ನೂರಿಗೇ ಹೋದೆವು. ಒಂದು ಸಲ ಮದುವೆ, ಒಂದು ಸಲ ಸಾವು, ಒಂದು ಸಲ ಮಾವನ ಕಣ್ಣಿನ ಆಪರೇಷನ್. ಹೋದ ವರ್ಷ ಅಂಥದ್ದೇನೂ ಇರಲಿಲ್ಲ. ‘ಈ ಸಲ ಬರ್ಲಿನ್‌ಗೆ ಹೋಗೋಣ’ ಎಂದೆ. ಕುಣಿದಾಡುತ್ತಾರೆ ಅಂದುಕೊಂಡಿದ್ದೆ. ಇವರು ಎದ್ದು ಹೋಗಿ ಬಾಗಿಲಾಚೆ ಒಗೆದ ಬಟ್ಟೆ ಒಣಗಿತೇ ಎಂದು ನೋಡಿ ಬಂದರು. ಹೆದರಿಕೆ! ಮರುದಿನದಿಂದ ತಮ್ಮ ಪಿಕಪ್ ಗಾಡಿ ಓಡಿಸುತ್ತ ಒಬ್ಬರೇ ಮಾತಾಡತೊಡಗಿದರು. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವರು ನೋಡಿದರೆ ಫೋನಿನಲ್ಲಿದ್ದಂತೆ ನಟಿಸುವುದು. ಜರ್ಮನ್‌ನಲ್ಲೂ ಕ್ರಿಯಾಪದ ಕೊನೆಗೆ ಬಂದು ಕೂರುತ್ತದಂತೆ, ಆದ್ದರಿಂದ ಕನ್ನಡದವರಿಗೆ ಅದು ಹೇಳಿ ಮಾಡಿಸಿದ ಭಾಷೆ ಎಂಬುದು ಅವರ ಸಿದ್ಧಾಂತ.

ನಮ್ಮ ಬಳಗದಲ್ಲಿ ಮೈಸೂರಿನ ಡಾಕ್ಟರೊಬ್ಬರಿದ್ದಾರೆ. ಯಾವುದೋ ಸಮ್ಮೇಳನಕ್ಕೆ ಜರ್ಮನಿಗೆ ಹೋಗಿ ಬಂದವರು. ಅವರು ತಕಾನಿನಿಯ ಊಟದಲ್ಲಿ, ‘ಅಯ್ಯೋ, ಅಲ್ಲೆಲ್ಲಾ ಇಂಗ್ಲಿಷೇ ನಡೆಯುತ್ತೆ ಬಿಡಿ. ನಿಮ್ಮ ಜರ್ಮನ್ ಯಾರಿಗ್ ಬೇಕು?’ ಎಂದುಬಿಟ್ಟರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಕಾರಿನಲ್ಲಿ ಮನೆಗೆ ಬರುವಾಗ ಇವರು ಮೆಲ್ಲಗೆ, ‘ಒಬ್ರು ಸಾಕು ನನಗ. ಒಬ್ರರ ನನ್ ಜೋಡಿ ಜರ್ಮನ್‌ನ್ಯಾಗ ಮಾತಾಡಿದ್ರ ಸಾಕು. ಇಲ್ಲಾಂದ್ರ ಅಷ್ಟ್ ಕಲ್ತದ್ದು ಯಾತಕ್?’ ಎಂದರು. ಆಗ ನನ್ನ ನಗು ಬಾಯಲ್ಲೇ ಉಳಿಯಿತು.

ನಾವು ಮೂವರು ಹೋದೆವು. ಮೂರನೆಯವಳು ಮಗಳು, ಇಲ್ಲೇ ಹುಟ್ಟಿದವಳು, ಯೂನಿವರ್ಸಿಟಿಯಲ್ಲಿದ್ದಾಳೆ. ನಮ್ಮ ಮನೆಯಲ್ಲಿ ಹಿರಿಯರ ಎದುರು ಉರ್ದು, ಜಗಳಕ್ಕೂ ಹಾಸ್ಯಕ್ಕೂ ಕನ್ನಡ. ಮಗಳಿಗೆ ಎರಡೂ ಅರ್ಥವಾಗುತ್ತವೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಬರ್ಲಿನ್‌ನ ಹೋಟೆಲಿನಲ್ಲಿ ಮೊದಲ ಪರೀಕ್ಷೆ. ಇವರು ಕೌಂಟರಿನ ಮುಂದೆ ಕೋಟು ಸರಿಮಾಡಿಕೊಂಡು ನಿಂತು, ಆಕ್ಲೆಂಡ್‌ನಿಂದ ಕಟ್ಟಿಕೊಂಡು ಬಂದ ಉದ್ದನೆಯ ವಾಕ್ಯವೊಂದನ್ನು ಒಂದೇ ಉಸಿರಿಗೆ ಇಳಿಸಿದರು. ಆ ಹುಡುಗಿ ಕ್ರಿಯಾಪದ ಬರುವ ತನಕ ತಾಳ್ಮೆಯಿಂದ ಕಾದಳು. ಆಮೇಲೆ ನಗುತ್ತ ಇಂಗ್ಲಿಷಿನಲ್ಲಿ ಪಾಸ್‌ಪೋರ್ಟ್ ಕೇಳಿದಳು. ನ್ಯೂಜಿಲೆಂಡ್‌ನ ಕಪ್ಪು ಪಾಸ್‌ಪೋರ್ಟ್ ನೋಡಿದ್ದೇ ತಡ, ಕಣ್ಣರಳಿಸಿ ಮಾವೋರಿಯಲ್ಲಿ ನಮಸ್ಕಾರವೆಂದು ‘ಕಿಯಾ ಓರಾ!’ ಅಂದಳು. ಒಂದು ವರ್ಷ ನ್ಯೂಜಿಲೆಂಡ್‌ನಲ್ಲಿ ಕಿವಿ ಹಣ್ಣು ಕೀಳುತ್ತಿದ್ದಳಂತೆ, ಹಳೇ ವ್ಯಾನಿನಲ್ಲಿ ಮಲಗುತ್ತಿದ್ದಳಂತೆ. ಅಲ್ಲಿಯ ಮಾಂಸದ ಪೈ ನೆನೆದು ‘ಐ ಮಿಸ್ ದಿ ಪೈಸ್’ ಎಂದು ಎದೆಯ ಮೇಲೆ ಕೈ ಇಟ್ಟುಕೊಂಡಳು. ನಮ್ಮ ಹಿಂದೆ ಸಾಲು ಬೆಳೆಯಿತು, ಅವಳ ನೆನಪು ಮುಗಿಯಲಿಲ್ಲ. ಇವರು ಎರಡು ಸಲ ಜರ್ಮನ್‌ನಲ್ಲಿ ಬಾಯಿ ಹಾಕಿದರು. ಎರಡು ಸಲವೂ ಅವಳು ಅವರ ಇಂಗ್ಲಿಷನ್ನು ಸುಧಾರಿಸುವವಳಂತೆ ನಿಧಾನವಾಗಿ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟಳು.

ಆ ದೇಶದ ಹುಡುಗ ಹುಡುಗಿಯರಲ್ಲಿ ಎಷ್ಟೋ ಮಂದಿಗೆ ಕಾಲೇಜಿಗೆ ಮೊದಲು ನ್ಯೂಜಿಲೆಂಡ್‌ಗೆ ಬಂದು ಒಂದಷ್ಟು ತಿಂಗಳು ಅಲೆದು ಹೋಗುವುದು ವಾಡಿಕೆ. ನಮ್ಮ ಕಡೆ ತೋಟಗಳಲ್ಲಿ, ಕೆಫೆಗಳಲ್ಲಿ ಅವರನ್ನು ದಿನಾ ನೋಡುತ್ತೇವೆ. ನೋಡಿಯೂ ನಮಗೆ ಹೊಳೆದಿರಲಿಲ್ಲ. ಬರ್ಲಿನ್‌ನಲ್ಲಿ ಅವರೆಲ್ಲ ಇವರಿಗಾಗಿ ಕಾದು ಕುಳಿತಂತಿತ್ತು. ಮ್ಯೂಸಿಯಮ್ಮಿನ ಟಿಕೆಟ್ ಹುಡುಗ ನಮ್ಮ ಕ್ವೀನ್ಸ್‌ಟೌನ್‌ನಲ್ಲಿ ಪಾತ್ರೆ ತೊಳೆದವನು. ಕಾಫಿ ಅಂಗಡಿಯವಳು ಕೇಳಿದ್ದು ನಮ್ಮ ಚಳಿಗಾಲದಲ್ಲಿ ಮನೆ ಒಳಗೇ ಯಾಕೆ ಅಷ್ಟು ಚಳಿ ಎಂದು. ಅದು ನ್ಯಾಯವಾದ ಪ್ರಶ್ನೆ, ನಾನೂ ಕೇಳುತ್ತಲೇ ಇದ್ದೇನೆ. ಎರಡನೇ ದಿನ ಇವರು ನಮಗೆ ಕಟ್ಟಪ್ಪಣೆ ಮಾಡಿದರು: ನ್ಯೂಜಿಲೆಂಡ್ ಎಂದು ಯಾರೂ ಬಾಯಿ ಬಿಡಬಾರದು, ಇಂಡಿಯಾ ಅನ್ನಬೇಕು. ಸರಿ ಎಂದು ಇಂಡಿಯಾ ಅಂದೆವು. ಪುಸ್ತಕದಂಗಡಿಯ ಹೆಂಗಸು ಕೈ ಮುಗಿದು, ಋಷಿಕೇಶದಲ್ಲಿ ತಾನು ಕಲಿತ ಯೋಗದ ಬಗ್ಗೆ ಇಂಗ್ಲಿಷಿನಲ್ಲಿ ಹೇಳತೊಡಗಿದಳು.

ಬಸ್ಸಿನಲ್ಲಿ ಇನ್ನೊಂದು. ಆಕ್ಲೆಂಡ್‌ನಲ್ಲಿ ಬಸ್ಸಿನಿಂದ ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಯೂ ಹೇಳದಿದ್ದರೆ ಮನೆಯಲ್ಲಿ ಸಂಸ್ಕಾರ ಕಲಿಸಿಲ್ಲ ಎಂದೇ ಅರ್ಥ. ಇವರು ಬರ್ಲಿನ್ ಬಸ್ಸಿನ ಹಿಂದಿನ ಬಾಗಿಲಿನಿಂದ ‘ಡಾಂಕೆ!’ ಎಂದು ಕೂಗಿದರು. ಡ್ರೈವರ್ ಗಾಬರಿಯಾಗಿ ಬ್ರೇಕ್ ಹಾಕಿ ಕನ್ನಡಿಯಲ್ಲಿ ನೋಡಿದ. ಬಾಗಿಲಿಗೆ ಯಾರದೋ ಕಾಲು ಸಿಕ್ಕಿತು ಅಂದುಕೊಂಡನೋ ಏನೋ. ‘ಡ್ಯಾಡ್, ಪ್ಲೀಸ್’ ಎಂದಳು ಮಗಳು, ಮುಖ ಜಾಕೆಟ್ಟಿನೊಳಗೆ ಎಳೆದುಕೊಂಡು.

ಹಲಾಲ್ ಊಟಕ್ಕೆ ಅಲ್ಲಿ ಕೊರತೆಯಿಲ್ಲ, ಬೀದಿಗೊಂದು ಟರ್ಕಿಯವರ ಅಂಗಡಿ. ಇವರ ಸಲಾಮಿಗೆ ಅಂಗಡಿಯವನು ಸಲಾಮು ಹೇಳಿ, ರೊಟ್ಟಿಯೊಳಗೆ ಮಾಂಸ ತುಂಬುತ್ತ ‘ಮಿಟ್ ಶಾರ್ಫ್?’ ಎಂದ. ಖಾರ ಹಾಕಲೇ ಎಂದರ್ಥ. ‘ಯಾ!’ ಎಂದು ಇವರು ಅಂಗಡಿ ಅದುರುವಂತೆ ಹೇಳಿದರು. ಹೊರಗೆ ಬಂದು, ‘ಆತು ನೋಡು. ಜರ್ಮನ್‌ನ್ಯಾಗ ಕೇಳಿದ, ಜರ್ಮನ್‌ನ್ಯಾಗ ಹೇಳಿದೆ’ ಎಂದರು. ನಾನು ಒಪ್ಪಲಿಲ್ಲ. ಖಾರ ಬೇಕೇನು ಅಂದದ್ದಕ್ಕೆ ಹೂಂ ಅಂದರೆ ಅದು ಸಂಭಾಷಣೆಯಲ್ಲ, ಊಟ. ಇವರು ವಾದ ಮಾಡಲು ಹೋಗಿ ಖಾರ ನೆತ್ತಿಗೇರಿ ಕೆಮ್ಮಿದರು.

‘ದೇ ಆಲ್ ಸ್ಪೀಕ್ ಇಂಗ್ಲಿಷ್, ಡ್ಯಾಡ್. ದೇ ಆರ್ ಜಸ್ಟ್ ಬೀಯಿಂಗ್ ನೈಸ್’ ಎಂದಳು ಮಗಳು.

‘ನೀನೂ ನಮಗ ಅದನ್ನ ಮಾಡ್ತಿ. ನಾವ್ ಕನ್ನಡದಾಗ ಕೇಳ್ತೀವಿ, ನೀ ಇಂಗ್ಲಿಷ್‌ನ್ಯಾಗ ಹೇಳ್ತಿ’ ಎಂದೆ ನಾನು.

‘ದಟ್ಸ್ ಡಿಫರೆಂಟ್’ ಎಂದಳು.

ಹೀಗೆ ದಿನಗಳು ಉರುಳಿದವು. ಕೋಟೆಯಂಥ ಆ ದೊಡ್ಡ ದ್ವಾರ ನೋಡಿದೆವು, ಉಳಿದಿರುವ ಗೋಡೆಯ ತುಂಡುಗಳನ್ನು ನೋಡಿದೆವು, ಗಾಜಿನ ರೈಲು ನಿಲ್ದಾಣದಲ್ಲಿ ದಾರಿ ತಪ್ಪಿದೆವು. ನೀರು ಕೇಳಿದರೆ ಗುಳ್ಳೆ ಬರುವ ನೀರು ಕೊಟ್ಟು ನನಗೆ ತೇಗು ತರಿಸಿದರು. ಊರು ಚೆನ್ನಾಗಿದೆ, ನಾನು ಸುಳ್ಳು ಹೇಳುವುದಿಲ್ಲ. ಆದರೆ ಹೊರಡುವ ಹಿಂದಿನ ದಿನ ಬೆಳಿಗ್ಗೆ ಬೇಕರಿಯಲ್ಲಿ ಇವರು ಬಾಯಿ ತೆರೆದು, ಕೌಂಟರಿನ ಹುಡುಗಿಯ ಮುಖ ನೋಡಿ, ‘ತ್ರೀ ಆಫ್ ದೀಸ್, ಪ್ಲೀಸ್’ ಎಂದರು. ಅಷ್ಟೇ. ಬನ್ನಿನ ಪೊಟ್ಟಣ ಹಿಡಿದು ನಮ್ಮ ಮೇಜಿಗೆ ಬಂದು ಕುಳಿತರು. ಇವರ ಜರ್ಮನ್ ಸಾಕಪ್ಪಾ ಸಾಕು ಎಂದು ವರ್ಷಗಟ್ಟಲೆ ಅಂದವಳು ನಾನು. ಅವತ್ತು ಅದು ನಿಂತಾಗ ನನಗೇ ಎದ್ದು ಹೋಗಿ ಆ ಹುಡುಗಿಗೆ, ‘ತಾಯೀ, ಒಂದ್ ಎರಡ್ ಮಾತು ನಿಮ್ಮ ಭಾಷಾದಾಗ ಆಡು, ನಿನ್ನ ಗಂಟೇನ್ ಹೋಗ್ತೈತಿ?’ ಎಂದು ಕೇಳಬೇಕೆನಿಸಿತು.

ಅವತ್ತು ಮಧ್ಯಾಹ್ನ ನಾವು ಹಳೆಯ ಪೂರ್ವ ಬರ್ಲಿನ್ ಕಡೆ ಟ್ರಾಮಿನಿಂದ ಇಳಿದೆವು. ಅಗಲವಾದ ರಸ್ತೆಗಳು ಕೂಡುವ ದೊಡ್ಡ ಚೌಕ. ದಾಟುವವರ ಸಿಗ್ನಲ್ಲಿನಲ್ಲಿ ಟೋಪಿ ಹಾಕಿದ ಹಸಿರು ಮನುಷ್ಯನ ಚಿತ್ರ ಹೊತ್ತಿಕೊಂಡಿತು. ಇನ್ನು ನಮ್ಮ ಕ್ವೀನ್ ಸ್ಟ್ರೀಟ್‌ನ ಪದ್ಧತಿ ಹೇಳಬೇಕು. ಆಕ್ಲೆಂಡ್‌ನ ಆ ಬೀದಿಯಲ್ಲಿ ಹಸಿರು ಬಿತ್ತೆಂದರೆ ನಾಲ್ಕೂ ಕಡೆಯ ವಾಹನಗಳು ಒಟ್ಟಿಗೆ ನಿಲ್ಲುತ್ತವೆ. ಜನ ನೇರವಾಗಿ, ಅಡ್ಡವಾಗಿ, ಮೂಲೆಯಿಂದ ಮೂಲೆಗೆ, ಹೇಗೆ ಬೇಕೋ ಹಾಗೆ ದಾಟುತ್ತಾರೆ. ಇವರು ಬೇಜಾರಿನಲ್ಲಿ ತಲೆ ತಗ್ಗಿಸಿ ನಮಗಿಂತ ಮುಂದೆ ನಡೆಯುತ್ತಿದ್ದರು. ಹಸಿರು ಕಂಡರು, ಕ್ವೀನ್ ಸ್ಟ್ರೀಟಿನಲ್ಲಿದ್ದಂತೆ ಚೌಕದ ನಟ್ಟನಡುವೆ ಮೂಲೆಯಿಂದ ಮೂಲೆಗೆ ಹೊರಟೇಬಿಟ್ಟರು.

ಬರ್ಲಿನ್‌ನಲ್ಲಿ ಅದು ನಡೆಯುವುದಿಲ್ಲ. ಒಂದು ಕಾರು ಹಾರ್ನ್ ಬಾರಿಸಿತು, ಇನ್ನೊಂದು ಕಿರ್ರೆಂದು ನಿಂತಿತು, ಟ್ರಾಮು ಗಂಟೆ ಹೊಡೆಯಿತು. ನಾನು ಕೂಗಿದ್ದು ಉರ್ದುವೋ ಕನ್ನಡವೋ ನೆನಪಿಲ್ಲ. ಇವರು ಹೇಗೋ ಓಡಿ ಆಚೆ ಮೂಲೆ ಮುಟ್ಟಿದರು. ಅಲ್ಲಿ, ಮಕ್ಕಳ ಗುಂಪೊಂದರ ಪಕ್ಕ, ಗಾಲಿಯ ಚೀಲ ಹಿಡಿದ ಒಬ್ಬ ಮುದುಕಿ ಕೆಂಪು ಮನುಷ್ಯನ ಮುಂದೆ ಶಿಸ್ತಾಗಿ ನಿಂತಿದ್ದಳು. ಇವರು ಕಾಲಿಟ್ಟದ್ದೇ ತಡ, ಶುರುವಾಯಿತು ಮಂಗಳಾರತಿ.

ನಾವಿಬ್ಬರು ಈ ಮೂಲೆ, ಅವರು ಆ ಮೂಲೆ, ನಡುವೆ ಎರಡು ರಸ್ತೆ. ಮಾತು ಕೇಳಿಸುತ್ತಿರಲಿಲ್ಲ, ಬೆರಳು ಮಾತ್ರ ಕಾಣುತ್ತಿತ್ತು. ಬೆರಳು ಸಿಗ್ನಲ್ಲಿನತ್ತ ಹೋಯಿತು, ಮಕ್ಕಳತ್ತ ಹೋಯಿತು, ಇವರ ಮೂಗಿನತ್ತ ಬಂತು. ಮಗಳು, ‘ಶಿ ಈಸ್ ಕಿಲ್ಲಿಂಗ್ ಹಿಮ್!’ ಎಂದು ಓಡಹೊರಟಳು. ಕೆಂಪಿದೆ ಎಂದು ತೋಳು ಹಿಡಿದು ನಿಲ್ಲಿಸಿದೆ. ಆಮೇಲೆ ನೋಡುತ್ತೇನೆ, ಇವರ ಕೈ ಆಡತೊಡಗಿದೆ. ಇವರು ಏನೋ ಹೇಳುತ್ತಿದ್ದಾರೆ. ಮುದುಕಿ ತಲೆ ಓರೆ ಮಾಡಿ ಕೇಳುತ್ತಿದ್ದಾಳೆ. ಮತ್ತೆ ಬೈದಳು, ಮತ್ತೆ ಇವರು ಹೇಳಿದರು. ಹಸಿರು ಬಂತು, ಮಕ್ಕಳು ದಾಟಿ ಹೋದರು, ಮುದುಕಿ ದಾಟಲಿಲ್ಲ. ಇವರು ನಮ್ಮ ಕಡೆ ಕೈ ತೋರಿಸಿದರು. ಮುದುಕಿ ನಕ್ಕಳು! ನಾವು ಎರಡೂ ರಸ್ತೆ ದಾಟಿ ಹೋಗುವಷ್ಟರಲ್ಲಿ ಅವರಿಬ್ಬರೂ ಒಂದೇ ಓಣಿಯವರಂತೆ ನಿಂತಿದ್ದರು.

ಹತ್ತಿರ ಹೋದಾಗ ಮುದುಕಿ ನನ್ನ ಕೈ ಹಿಡಿದುಕೊಂಡಳು. ನನ್ನ ಮುಖ ನೋಡಿ, ಒಂದೊಂದೇ ಪದ ಬಿಡಿಸಿ, ಗಟ್ಟಿಯಾಗಿ ಏನೋ ಹೇಳಿದಳು. ಇಂಗ್ಲಿಷ್ ಬಾರದ ಹೊಸ ಅಜ್ಜಿಯರು ವಾರ್ಡಿಗೆ ಬಂದಾಗ ನಾನು ಹೀಗೆಯೇ ಮಾತಾಡುತ್ತೇನೆ. ಕೈ ತಟ್ಟಿ, ಚೀಲ ಎಳೆದುಕೊಂಡು ಹೋದಳು. ಏನಂದಳು ಎಂದರೆ ಇವರು, ‘ಒಳ್ಳೇದಾಗ್ಲಿ ಅಂದ್ಲು’ ಎಂದರು.

ಆಕೆ ಶಾಲೆಯಲ್ಲಿ ಕಲಿತದ್ದು ರಷ್ಯನ್ ಅಂತೆ, ಪೂರ್ವ ಬರ್ಲಿನ್ ರಷ್ಯಾದ ಹಿಡಿತದಲ್ಲಿದ್ದ ಆ ಕಾಲದಲ್ಲಿ ಅಲ್ಲಿ ಹಾಗೆಯೇ ಇತ್ತಂತೆ. ಇಂಗ್ಲಿಷ್ ಒಂದಕ್ಷರ ಬರುವುದಿಲ್ಲ. ನನಗೆ ಆ ಮುದುಕಿಯ ಕಾಲು ಮುಟ್ಟಬೇಕೆನಿಸಿತು. ಇವರ ಮುಖವನ್ನಂತೂ ನೋಡಬೇಕಿತ್ತು. ಮಗಳು ಹುಟ್ಟಿದ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಕಂಡಿದ್ದ ಮುಖ ಅದು. ‘ಮಕ್ಕಳು ನೋಡಿ ಕಲೀತಾವ, ನಿನಗ ನಾಚಿಕಿ ಇಲ್ಲೇನು ಅಂದ್ಲು! ಮುಪ್ಪಾದ್ರೂ ಬುದ್ಧಿ ಬಂದಿಲ್ಲ ಅಂದ್ಲು!’ ಎಂದು ಬಿರುದು ಸಿಕ್ಕವರಂತೆ ಒಂದೊಂದೇ ಬೈಗುಳವನ್ನು ಅನುವಾದ ಮಾಡಿ ಹೇಳಿದರು.

‘ಶಿ ಯೆಲ್ಡ್ ಅಟ್ ಯು, ಡ್ಯಾಡ್.’

‘ಹೌದವ್ವಾ. ಜರ್ಮನ್‌ನ್ಯಾಗ!’ ಎಂದರು. ಅವತ್ತು ನಮಗೆ ಕೇಕು ಕೊಡಿಸಿದರು. ಆರ್ಡರು ಜರ್ಮನ್‌ನಲ್ಲಿ, ಉತ್ತರ ಇಂಗ್ಲಿಷಿನಲ್ಲಿ. ಇವರಿಗೆ ಆಗ ಅದರ ಪರಿವೆಯೇ ಇರಲಿಲ್ಲ.

ಆಕ್ಲೆಂಡ್‌ಗೆ ಮರಳಿದ ಮೇಲಿನ ಮೊದಲ ಭಾನುವಾರ ತಕಾನಿನಿಯಲ್ಲಿ ಊಟ. ಮೈಸೂರು ಡಾಕ್ಟರೂ ಬಂದಿದ್ದರು. ಇವರು ಎದ್ದು ನಿಂತು, ಬೆರಳಾಡಿಸಿ, ಮುದುಕಿಯೂ ತಾವೇ ಆಗಿ, ತಾವೂ ತಾವೇ ಆಗಿ, ಇಡೀ ಪ್ರಸಂಗ ಆಡಿ ತೋರಿಸಿದರು. ಜನ ಹೊಟ್ಟೆ ಹಿಡಿದು ನಕ್ಕರು. ಡಾಕ್ಟರು, ‘ಸೋತೆ ಕಣ್ರಿ. ನನ್ನನ್ನ ಯಾರೂ ಅಲ್ಲಿ ಬೈಯಲೇ ಇಲ್ಲ’ ಎಂದು ಕೈ ಮುಗಿದರು. ಕೊನೆಗೆ ಇವರು, ‘ಇಕಿ ಕೈ ಹಿಡಿದು, ಗಂಡನ್ನ ಹಗ್ಗ ಹಾಕಿ ಕರಕೊಂಡ್ ಹೋಗು ಅಂದ್ಲು’ ಎಂದು ಮುಗಿಸಿದರು. ಎಲ್ಲರೂ ನನ್ನ ಕಡೆ ತಿರುಗಿ ನಕ್ಕರು. ನನಗೆ ಅಲ್ಲೇ ಅನುಮಾನ ಬಂತು.

ಫ್ಲ್ಯಾಟ್ ಬುಷ್ ಕಡೆ ಕಾರು ತಿರುಗಿದ ಮೇಲೆ ಕೇಳಿದೆ. ಮಗಳು ಹಿಂದೆ ಇಯರ್‌ಫೋನ್ ಹಾಕಿಕೊಂಡು ಕೂತಿದ್ದಳು.

‘ಅಲ್ಲಿ ಒಳ್ಳೇದಾಗ್ಲಿ ಅಂದ್ಲು ಅಂದ್ರಿ. ಇಲ್ಲಿ ಹಗ್ಗ ಅಂತೀರಿ. ಖರೇ ಏನಂದ್ಲು ನನಗ?’

ಇವರು ಕಾರನ್ನು ರೌಂಡ್‌ಅಬೌಟ್ ದಾಟಿಸಿದರು. ಬಿಸಿಲು ಹೊಸ ಮನೆಗಳ ತಗಡಿನ ಮೇಲೆ ಬಿದ್ದು ಕಣ್ಣಿಗೆ ಹೊಡೆಯುತ್ತಿತ್ತು.

‘ಬೈದ್ಲಲ್ಲ, ಆಮ್ಯಾಲೆ ಕೇಳಿದ್ಲು,’ ಎಂದರು. ‘ಬರ್ಲಿನ್‌ಗೆ ಬಂದು ಎಷ್ಟ್ ವರ್ಷಾತು, ಇನ್ನೂ ರಸ್ತೆ ದಾಟೋದು ಕಲ್ತಿಲ್ಲೇನು ಅಂತ.’

‘ನೀವೇನಂದ್ರಿ?’

‘ಮೂವತ್ತ್ ವರ್ಷಾತು ಅಂದೆ.’

ಆ ಮೂವತ್ತು ವರ್ಷದಲ್ಲಿ ನನ್ನ ಇಡೀ ಬದುಕಿದೆ. ನನ್ನ ಕೆಲಸ, ಈ ದೇಶ, ಈ ಮನೆ, ಹಿಂದಿನ ಸೀಟಿನಲ್ಲಿ ಕುಳಿತ ಮಗಳು. ಎಲ್ಲವನ್ನೂ ಒಬ್ಬ ಮುದುಕಿಯ ಮುಂದೆ ಒರೆಸಿ ಹಾಕಿದರೇ ಎಂದು ಸಿಟ್ಟು ಬಂತು.

‘ಮತ್ತ ನಾ? ನಾ ಎಲ್ಲಿದ್ದೆ ಆ ಮೂವತ್ತ್ ವರ್ಷ?’

‘ಅಲ್ಲೇ ಇದ್ದೆಲ್ಲ,’ ಎಂದರು, ಇದೆಂಥ ಪ್ರಶ್ನೆ ಎನ್ನುವ ಹಾಗೆ. ‘ನಿನ್ನ ತೋರ್ಸಿದೆ. ಅಕಿ ನನ್ನ ಹೇಣ್ತಿ, ಇಲ್ಲೇ ದವಾಖಾನಿಯೊಳಗ ನರ್ಸ್ ಅದಾಳ ಅಂದೆ. ನನ್ನ ಸಲುವಾಗಿ ತನ್ನ ಊರು ಬಿಟ್ಟು ಬಂದಾಳ, ಡ್ಯೂಟಿ ಭಾಳ, ಭಾಷಾ ಕಲಿಯಾಕ ಪುರುಸೊತ್ತು ಸಿಕ್ಕಿಲ್ಲ ಅಂದೆ. ಅದಕ್ಕ ನಿನ್ನ ಕೈ ಹಿಡಿದು, ಇನ್ನೂ ಹೊತ್ತು ಮೀರಿಲ್ಲ, ಕಲೀ ಅಂದ್ಲು.’

ನಾನು ಕಿಟಕಿಯಾಚೆ ನೋಡಿದೆ. ಸಿಟ್ಟು ಎಲ್ಲಿ ಹೋಯಿತೋ. ನನ್ನ ಸಲುವಾಗಿ ಬಂದವರು ಇವರು. ಬಂದದ್ದನ್ನು ಒಮ್ಮೆಯೂ ನನ್ನ ಮುಂದೆ ಆಡಿ ತೋರಿಸಿದವರಲ್ಲ. ಕಣ್ಣು ತುಂಬಿ ಬೀದಿಯೆಲ್ಲ ಕಲಸಿಹೋಯಿತು. ಅಳುವುದನ್ನು ಇವರಿಗೆ ತೋರಿಸುವ ಅಭ್ಯಾಸ ನನಗಿಲ್ಲ.

‘ನಿಮ್ಮ ಸಲುವಾಗಿ ಬರ್ಲಿನ್‌ಗೂ ಬರ್ತಿದ್ದೆ ಬಿಡ್ರಿ,’ ಎಂದೆ. ‘ಆದ್ರ ಮೂವತ್ತ್ ವರ್ಷದಾಗ ಭಾಷಾ ಕಲೀತಿದ್ದೆ. ಅಷ್ಟ್ ದಡ್ಡಿ ಅಲ್ಲ ನಾ.’